ಹುಳದ ಮನೆಗೆ ಹುಳ ಬಂದ ಗಲಾಟೆ

ನಮ್ಮಣ್ಣ ಒಳ್ಳೆಯವನು. ಇದನ್ನು ಈಗಲೇ ಹೇಳಿಬಿಡುತ್ತೇನೆ, ಮುಂದೆ ಹೇಳಲು ಅವಕಾಶ ಸಿಗಲಿಕ್ಕಿಲ್ಲ. ಅವನಿಗಿರುವುದು ಒಂದೇ ಕಾಯಿಲೆ, ಸುಮ್ಮನೆ ಕೂರಲು ಬರುವುದಿಲ್ಲ. ಚಿಕ್ಕಂದಿನಲ್ಲಿ ಚೆನ್ನಾಗಿ ಓಡುತ್ತಿದ್ದ ಗಡಿಯಾರಗಳನ್ನು ಬಿಚ್ಚಿ ರಿಪೇರಿ ಮಾಡುತ್ತಿದ್ದ. ಈಗ ನಿವೃತ್ತನಾಗಿ ನಮ್ಮ ಅಪಾರ್ಟ್‌ಮೆಂಟಿನ ಸಂಘಕ್ಕೆ ಅಧ್ಯಕ್ಷನಾಗಿದ್ದಾನೆ. ಬಿಚ್ಚಲು ಇಡೀ ಕಟ್ಟಡವೇ ಸಿಕ್ಕಿದೆ.

ಅವನ ಸಂಸಾರ ಮೇಲಿನ ಮಹಡಿಯಲ್ಲಿ, ನಾನೂ ಅಮ್ಮನೂ ನೆಲಮಹಡಿಯಲ್ಲಿ. ನನಗೆ ಕನ್ನಡಕದ ಅಂಗಡಿಯಲ್ಲಿ ಕೆಲಸ. ಬಂದವರ ಕಣ್ಣಿನ ಮುಂದೆ ಗಾಜು ಬದಲಿಸುತ್ತ "ಈಗ ಕಾಣುತ್ತಾ? ಈಗ?" ಎಂದು ಕೇಳುವುದರಲ್ಲೇ ದಿನ ಕಳೆಯುತ್ತದೆ. ಕಾಣದಿದ್ದರೂ ಕಾಣುತ್ತದೆ ಅನ್ನುವವರೇ ಜಾಸ್ತಿ, ಅದರಲ್ಲೂ ದೊಡ್ಡ ಹುದ್ದೆಯವರು.

ಅಮ್ಮ ಬಚ್ಚಲಲ್ಲಿ ಜಾರಿ ಬಿದ್ದು ಸೊಂಟದ ಮೂಳೆ ಮುರಿದುಕೊಂಡಿದ್ದಳು. ಆಪರೇಷನ್ ಚೆನ್ನಾಗಿಯೇ ಆಯಿತು. ಆದರೆ ಡಾಕ್ಟರು ನನ್ನನ್ನು ಪಕ್ಕಕ್ಕೆ ಕರೆದು, "ದಿನಾ ನಡೆಸಿ. ಮಲಗೇ ಇರೋದು ಅಭ್ಯಾಸ ಆಗಿಬಿಟ್ರೆ ಆಮೇಲೆ ಏಳೋದೇ ಇಲ್ಲ" ಎಂದಿದ್ದರು. ಅಮ್ಮ ಜಪ್ಪಯ್ಯ ಅಂದರೂ ಏಳಲಿಲ್ಲ. ವ್ಯಾಯಾಮ ಹೇಳಿಕೊಡಲು ಬಂದ ಹುಡುಗಿಗೆ ಬೆನ್ನು ತೋರಿಸಿ ಮಲಗಿದಳು. ನಾನು ಬೈದೆ, ಅತ್ತಿಗೆ ಗೋಗರೆದಳು, ಅಣ್ಣ ನಡಿಗೆಯ ಲಾಭಗಳ ಮೇಲೆ ಭಾಷಣ ಮಾಡಿದ. ಭಾಷಣ ಮುಗಿಯುವಷ್ಟರಲ್ಲಿ ಅಮ್ಮ ಗೊರಕೆ ಹೊಡೆಯುತ್ತಿದ್ದಳು.

ಕೊನೆಗೆ ಅವಳನ್ನು ಎಬ್ಬಿಸಿದ್ದು ಒಂದು ಕುಂಬಾರ ಹುಳ. ಹಿಂಬಾಗಿಲಿನ ಚೌಕಟ್ಟಿನ ಮೂಲೆಗೆ ಹಸಿ ಮಣ್ಣು ತಂದು ತಂದು ಮೆತ್ತಿ ಗೂಡು ಕಟ್ಟಲು ಶುರುಮಾಡಿತ್ತು. ಅದರ ಗುಂಯ್‌ಗುಟ್ಟುವಿಕೆ ಕೇಳಿ, "ಅದೇನು ಮಾಡ್ತಿದೆ ನೋಡ್ಬೇಕು, ಎಬ್ಬಿಸೇ" ಎಂದಳು ಅಮ್ಮ. ಮರುದಿನ, ಅದು ಮಣ್ಣು ತರುವುದೆಲ್ಲಿಂದ ಎಂದು ನೋಡಬೇಕಾಯಿತು. ಬಾಗಿಲಾಚೆ ಕಾಂಪೌಂಡಿನವರೆಗೆ ಒಂದು ತುಂಡು ನೆಲವಿದೆ, ಇಡೀ ಆವರಣದಲ್ಲಿ ಕಲ್ಲು ಹಾಸದೆ ಉಳಿದದ್ದು ಅದೊಂದೇ. ಮೊಣಕಾಲುದ್ದ ಹುಲ್ಲು, ಯಾರೂ ನೆಡದೆ ಬಂದ ಹಳದಿ ಹೂವಿನ ಗಿಡಗಳು, ಯಾವಾಗಲೋ ಕಡಿದ ಮರದ ಕೊಳೆತ ಬೊಡ್ಡೆ, ನಲ್ಲಿ ಸೋರಿ ಆದ ಕೆಸರು. ಅಮ್ಮ ವಾಕರ್ ಹಿಡಿದು ಕೆಸರಿನವರೆಗೆ ಹೋದಳು. ಅಲ್ಲಿಂದಾಚೆ ಬೊಡ್ಡೆಯಲ್ಲಿ ತೂತು ಕೊರೆಯುವ ದುಂಬಿ ಕಂಡಿತು, ಅಷ್ಟು ದೂರ ಹೋದಳು. ಸಂಜೆ ನಾನು ಬಂದ ಕೂಡಲೇ ವರದಿ: ಕಂಬಳಿಹುಳ ಯಾವ ಎಲೆ ತಿಂದಿತು, ಓತಿಕ್ಯಾತ ಯಾರನ್ನು ನುಂಗಿತು. ನಮ್ಮ ನೆಂಟರ ಸುದ್ದಿಯನ್ನೂ ಅವಳು ಅಷ್ಟು ಆಸೆಯಿಂದ ಹೇಳಿದವಳಲ್ಲ.

ಅಷ್ಟರಲ್ಲಿ ನಗರಸಭೆಯವರು 'ಕೀಟಸ್ನೇಹಿ ಕೈತೋಟ' ಎಂಬ ಸ್ಪರ್ಧೆ ಘೋಷಿಸಿದರು. ಅಣ್ಣನ ಕಿವಿ ನೆಟ್ಟಗಾಯಿತು.

"ಹುಳುಗಳಿಗೋಸ್ಕರ ನಾವು ಏನಾದ್ರೂ ಮಾಡ್ಲೇಬೇಕು ಕಣೆ. ಪಾಪ, ಪಟ್ಟಣದಲ್ಲಿ ಅವಕ್ಕೆ ಜಾಗವೇ ಇಲ್ಲ" ಎಂದ. ಹೇಳುತ್ತಲೇ ಕೊರಳ ಮೇಲೆ ಕೂತಿದ್ದ ಏನನ್ನೋ ಪಟ್ಟನೆ ಹೊಡೆದು ಕೊಂದ.

"ಹಿಂದಗಡೆ ಜಾಗದಲ್ಲಿ ಆಗ್ಲೇ ಇವೆಯಲ್ಲಣ್ಣ" ಎಂದೆ.

"ಅದು ಕೊಳಕು. ನಾನು ಹೇಳ್ತಿರೋದು ತೋಟ."

ಅಮ್ಮನನ್ನು ಆಸ್ಪತ್ರೆಗೆ ತೋರಿಸುವ ದಿನ ತಾನೇ ಕಾರು ಮಾಡಿ ನಮ್ಮಿಬ್ಬರನ್ನೂ ಕಳಿಸಿದ. ಎಷ್ಟು ಅಕ್ಕರೆ ಎಂದುಕೊಂಡೆ. ಡಾಕ್ಟರು ಅಮ್ಮನ ನಡಿಗೆ ನೋಡಿ ಬೆನ್ನು ತಟ್ಟಿದರು. ವಾಪಸು ಬಂದಾಗ ಹಿಂಬಾಗಿಲಾಚೆ ಹಸಿರು ಜಮಖಾನ ಹಾಸಿದಂತೆ ಹುಲ್ಲುಹಾಸು, ಅಂಚಿಗೆ ಬಿಳಿ ಬೆಣಚುಕಲ್ಲು, ಕುಂಡಗಳಲ್ಲಿ ಎಸಳು ಬಿಟ್ಟರೆ ಒಳಗೆ ಬೇರೇನೂ ಇಲ್ಲದ ದಪ್ಪ ದಪ್ಪ ಹೂವು. ನಟ್ಟನಡುವೆ ಕಂಬದ ಮೇಲೊಂದು ಮರದ ಪೆಟ್ಟಿಗೆ, ಅದಕ್ಕೆ ಹೆಂಚಿನ ಚಾವಣಿ, ಒಳಗೆ ಬಿದಿರಿನ ಕೊಳವೆಗಳು, ಎಲ್ಲದಕ್ಕೂ ಮಿರಿಮಿರಿ ವಾರ್ನಿಷ್. ಪಕ್ಕದಲ್ಲಿ ಫಲಕ: 'ಹುಳದ ಮನೆ. ಕೀಟಗಳಿಗೆ ಸ್ವಾಗತ. ಹುಲ್ಲಿನ ಮೇಲೆ ನಡೆಯಬಾರದು.'

ಬಾಗಿಲಿನ ಚೌಕಟ್ಟಿಗೂ ಹೊಸ ಬಣ್ಣ ಬಳಿದಿದ್ದರು. ಬಳಿಯುವ ಮೊದಲು ಮಣ್ಣಿನ ಗೂಡನ್ನು ನೀಟಾಗಿ ಕೆರೆದು ತೆಗೆದಿದ್ದರು.

"ಒಳಗೆ ಮರಿ ಇತ್ತು" ಎಂದಳು ಅಮ್ಮ. ಅಷ್ಟೇ ಹೇಳಿ ವಾಕರ್ ತಿರುಗಿಸಿಕೊಂಡು ಹೋಗಿ ಮಲಗಿದಳು. ಮಾರನೆಯ ದಿನ ಏಳಲಿಲ್ಲ, ಅದರ ಮಾರನೆಯ ದಿನವೂ ಇಲ್ಲ. ನನಗೆ ಸಿಟ್ಟಿಗೆ ಅಳು ಬಂತು. ಮೇಲೆ ಹೋಗಿ ಅಣ್ಣನ ಮೇಲೆ ಹರಿಹಾಯ್ದೆ. ಅವನು ನಿಜಕ್ಕೂ ಬೆಪ್ಪಾದ. "ಅಮ್ಮನಿಗೆ ಹುಳ ನೋಡೋಕೆ ಇಷ್ಟ ಅಂತಾನೇ ಅವಳ ಬಾಗಿಲ ಎದುರಿಗೇ ಮನೆ ಇಡಿಸಿದ್ನಲ್ಲೇ" ಎಂದ.

ಹುಳದ ಮನೆ ಖಾಲಿ ಹೊಡೆಯುತ್ತಿತ್ತು. ವಾರ್ನಿಷ್‌ನ ನಾತ ಇಳಿಯುತ್ತ ಬಂದಂತೆ ಯಾವುದೋ ಬಡಪಾಯಿ ಜೇನ್ನೊಣ ಒಂದು ಕೊಳವೆಯೊಳಗೆ ಹೊಕ್ಕು ಅದರ ಬಾಯಿಗೆ ಎಲೆಯ ಚೂರು ಮುಚ್ಚಿಕೊಂಡಿತು. ಹಿಂದೆಯೇ ಎರಡು ಜೇಡ, ಒಂದಿಷ್ಟು ಇರುವೆ. ಆ ಭಾನುವಾರದ ಸಭೆಯಲ್ಲಿ ಸಂಘದ ಕಾರ್ಯದರ್ಶಿ ಗಂಭೀರವಾಗಿ ಎದ್ದು ನಿಂತರು. ಎರಡನೇ ಮಹಡಿಯ ಈ ಮನುಷ್ಯ ಮನೆಯೊಳಗೂ ಶೂ ಹಾಕಿಕೊಂಡೇ ಓಡಾಡುತ್ತಾರೆ.

"ಅಧ್ಯಕ್ಷರ ಗಮನಕ್ಕೆ ತರ್ತೀನಿ. ಹುಳದ ಮನೆಯೊಳಗೆ ಹುಳ ಸೇರ್ಕೊಂಡಿವೆ."

ಸಭೆ ಗಾಬರಿಬಿತ್ತು. ತೀರ್ಪುಗಾರರು ಬರುವ ಹೊತ್ತಿನಲ್ಲಿ ಹೀಗಾದರೆ ಮರ್ಯಾದೆ ಏನಾದೀತು? ಮರ ತಿಂದು ಹಾಕಿದರೆ? ನಾನು ನಗು ತಡೆಯಲಾರದೆ ಹೊರಗೆ ಬಂದೆ. ನಗಬಾರದಿತ್ತು, ಕೂತು ಜಗಳ ಆಡಬೇಕಿತ್ತು. ಔಷಧಿ ಹೊಡೆಯುವವನಿಗೆ ಅಲ್ಲೇ ಫೋನು ಹೋಯಿತು. ಬಂದವನು ಫಲಕವನ್ನೊಮ್ಮೆ, ಅಣ್ಣನನ್ನೊಮ್ಮೆ ನೋಡಿ, "ಸಾರ್, ಇದಕ್ಕೇನಾ?" ಎಂದು ಕೇಳಿದನಂತೆ. "ಹೂಂ, ಮೂಲೆಮೂಲೆಗೂ ಹೊಡಿ" ಎಂದನಂತೆ ಅಣ್ಣ.

ತೀರ್ಪುಗಾರ್ತಿ ಬಂದದ್ದು ಮರುದಿನ ಬೆಳಿಗ್ಗೆ. ಕೊರಳಲ್ಲಿ ಭೂತಗನ್ನಡಿ ನೇತುಹಾಕಿಕೊಂಡ ಸಣಕಲು ಹೆಂಗಸು. ಹುಲ್ಲಿನ ಮೇಲೆ ನಡೆಯಬಾರದೆಂದಿದ್ದರೂ ನೇರ ನಡೆದುಹೋಗಿ ಕೊಳವೆಗಳಲ್ಲಿ ಇಣುಕಿದಳು, ಹೂವು ಬಿಡಿಸಿ ನೋಡಿದಳು, ಬೆಣಚುಕಲ್ಲು ಎತ್ತಿ ನೋಡಿದಳು. ಅಣ್ಣ ಹೊಸ ಅಂಗಿ ತೊಟ್ಟು ಹಿಂದೆಯೇ ಸುತ್ತಿದ.

"ಹುಳ ಎಲ್ಲಿ?" ಎಂದಳು.

"ಇನ್ನೂ ಬಿಸಿಲು ಏರಿಲ್ಲ ಮೇಡಂ" ಎಂದ ಅಣ್ಣ.

ಅವಳು ಮೂಗು ಅರಳಿಸಿದಳು. "ಔಷಧಿ ಹೊಡೆದಿದ್ದೀರಾ?"

"ನಿನ್ನೆ ತಾನೇ" ಎಂದರು ಕಾರ್ಯದರ್ಶಿಗಳು ಹೆಮ್ಮೆಯಿಂದ. "ನಿಮಗೆ ಒಂದು ಸೊಳ್ಳೆನೂ ಕಚ್ಚಲ್ಲ."

ಬಹುಮಾನದ ಮಾತು ಅಲ್ಲಿಗೇ ಮುಗಿಯಿತು. ಹೊರಡುವಾಗ ಅವಳು ಅಣ್ಣನಿಗೆ, "ನೀವು ಇಲ್ಲಿ ಏನೂ ಮಾಡದೆ ಇದ್ದಿದ್ರೆ ಸಾಕಾಗಿತ್ತು" ಎಂದಳು. ಅಣ್ಣನಿಗೆ ಜೀವಮಾನದಲ್ಲಿ ಯಾರೂ ಇಷ್ಟು ಕಷ್ಟದ ಕೆಲಸ ಹೇಳಿರಲಿಲ್ಲ.

ಮುಖಭಂಗವಾದ ಸಂಘ ತೋಟದ ಮೇಲೆ ಮುನಿಸಿಕೊಂಡಿತು. ಮಾಲಿಯನ್ನು ಬಿಡಿಸಿದರು, ನೀರು ನಿಲ್ಲಿಸಿದರು. ಅಣ್ಣ ಆ ಕಡೆ ತಲೆ ಹಾಕುವುದನ್ನೇ ಬಿಟ್ಟು ಲಿಫ್ಟಿನ ಸುಧಾರಣೆಗೆ ಇಳಿದ. ಲಿಫ್ಟು ನಿಂತುಹೋಯಿತು. ಹುಲ್ಲುಹಾಸು ಒಣಗಿ ಕಿತ್ತುಬಂತು. ಮಳೆಗಾಲ ಬಂದು ಹೋಗುವಷ್ಟರಲ್ಲಿ ಅಡಿಯಿಂದ ಹಳೆಯ ಹುಲ್ಲೇ ಎದ್ದು ನಿಂತಿತು, ಹಳದಿ ಹೂವು ಬಂತು, ಫಲಕದ ಮೇಲೆ ಬಳ್ಳಿ ಹತ್ತಿತು.

ಅಮ್ಮ ಮಾತ್ರ ಹಾಸಿಗೆ ಬಿಟ್ಟಿರಲಿಲ್ಲ. ಅವಳ ಕಾಲು ಕಡ್ಡಿಯಾಗುತ್ತ ಬಂದಿತ್ತು. ತಿರುಗಿಸಿ ಮಲಗಿಸುವಾಗ ಅವಳು ನನ್ನ ಮುಖ ನೋಡುತ್ತಿರಲಿಲ್ಲ, ನಾನೂ ನೋಡುತ್ತಿರಲಿಲ್ಲ. ನನಗೆ ಹೆದರಿಕೆಯಾಗಿತ್ತು. ಒಂದು ರಜಾದಿನ ಮಂಚವನ್ನೇ ದರದರ ಎಳೆದು ಹಿಂಬಾಗಿಲ ಹತ್ತಿರ ಹಾಕಿದೆ. ಸಂಜೆಯವರೆಗೂ ಹೊರಗೆ ನೋಡುತ್ತ ಮಲಗಿದ್ದಳು. ಮರುದಿನ ಎದ್ದು ಕೂತಳು. ಆಮೇಲೆ ವಾಕರ್ ಹಿಡಿದು ಹೊಸ್ತಿಲವರೆಗೆ. ಹೊಸ್ತಿಲು ದಾಟುವ ಧೈರ್ಯ ಮಾತ್ರ ಬರಲಿಲ್ಲ.

ಮತ್ತೆ ಸ್ಪರ್ಧೆ ಬಂತು. ಅಣ್ಣ ಬಹಳ ದಿನಗಳ ನಂತರ ಹಿಂದಕ್ಕೆ ಬಂದು ನೋಡಿದ. ಜೇನು, ಚಿಟ್ಟೆ, ದುಂಬಿ, ಹಕ್ಕಿ ಸಹ. ಅವನ ಮುಖ ಅರಳಿತು.

"ನೋಡೇ, ಕೊನೆಗೂ ನಮ್ಮ ತೋಟಕ್ಕೆ ಹುಳ ಬಂದಿವೆ. ಈ ಸಲ ಬಹುಮಾನ ನಮ್ಮದೇ. ಅವರು ಬರೋದ್ರೊಳಗೆ ಸ್ವಲ್ಪ ಕ್ಲೀನ್ ಮಾಡಿಬಿಡೋಣ."

ನಾನು ಬಾಯಿ ತೆರೆಯುವ ಮೊದಲೇ ಹುಲ್ಲು ಕತ್ತರಿಸುವ ಯಂತ್ರ ತಂದು ಶುರು ಮಾಡಿದ. ಅದರ ಸದ್ದಿನಲ್ಲಿ ನಾನು ಕೂಗಿದ್ದು ನನಗೇ ಕೇಳಲಿಲ್ಲ. ಏನೋ ನನ್ನನ್ನು ಸವರಿಕೊಂಡು ಹೋಯಿತು. ಅಮ್ಮ. ವಾಕರ್ ಮಂಚದ ಪಕ್ಕದಲ್ಲೇ ಇತ್ತು. ಹೊಸ್ತಿಲು ದಾಟಿ, ಮೆಟ್ಟಿಲಿಳಿದು, ಹುಲ್ಲಿನ ಮಧ್ಯೆ ಹೋಗಿ ಯಂತ್ರದ ಮುಂದೆ ನಿಂತಳು.

ಅಣ್ಣನ ಕಣ್ಣಲ್ಲಿ ನೀರು ತುಂಬಿತು. "ಅಮ್ಮ, ನಡೆದುಬಿಟ್ಟೆಯಲ್ಲಮ್ಮ" ಎಂದು ಕೂಗಿದ. "ನಾನು ಹೇಳ್ತಿರ್ಲಿಲ್ವಾ, ತೋಟ ಮಾಡಿದ್ರೆ ನೀನು ನಡೀತೀಯ ಅಂತ!"

"ಹೂಂ ಕಣಪ್ಪ, ನಡೆದೆ" ಎಂದಳು ಅಮ್ಮ. ಕಾಲು ಗಡಗಡ ನಡುಗುತ್ತಿದ್ದರೂ ಜಾಗ ಬಿಡಲಿಲ್ಲ. "ಈಗ ಅದನ್ನ ಆರಿಸಿ ಮನೆಗೆ ಹೋಗು. ನೀನು ಇನ್ನೊಂದು ಸಲ ಒಳ್ಳೇದು ಮಾಡೋಕೆ ಬಂದ್ರೆ ತಡೆಯೋಕೆ ನನ್ನ ಕೈಲಿ ಆಗಲ್ಲ."