ಟೇಪಿನೊಳಗಿನ ಎರಡು ಬೆರಳು

ನಮ್ಮ ಯಜಮಾನರು ಬಸ್ಸು ಓಡಿಸುತ್ತಾರೆ, ನಾನು ಬಟ್ಟೆ ಹೊಲಿಯುತ್ತೇನೆ. ಅವರ ಸೊಂಟ, ಸಕ್ಕರೆ, ರಕ್ತದೊತ್ತಡ, ಕೊಬ್ಬು ನಾಲ್ಕೂ ಮಾತಾಡಿಕೊಂಡ ಹಾಗೆ ಒಟ್ಟಿಗೆ ಏರಿವೆ ಎಂದು ಡಾಕ್ಟರಮ್ಮ ಹೇಳಿದ ದಿನದಿಂದ ಅವರ ಮುಖ ಬಾಡಿತ್ತು. ಅವರ ಅಣ್ಣನಿಗೂ ಹೀಗೇ ಇತ್ತು. ಐವತ್ತೆರಡು ತುಂಬಿದ ವರ್ಷವೇ ಹೋಗಿಬಿಟ್ಟರು. ಇವರಿಗೆ ಈಗ ಐವತ್ತೆರಡು.

ಆಸ್ಪತ್ರೆಯಲ್ಲಿ ಹೊಸದೊಂದು ಚಿಕಿತ್ಸೆಯ ಪರೀಕ್ಷೆ ನಡೆಯುತ್ತಿತ್ತು. ಮಾತ್ರೆಯ ಜೊತೆಗೆ, ಕಿವಿಗೆ ಕ್ಲಿಪ್ಪು ಸಿಕ್ಕಿಸಿಕೊಂಡು ದಿನಾ ಅರ್ಧ ಗಂಟೆ ಪುಟ್ಟ ಡಬ್ಬಿಯೊಂದರಿಂದ ಸಣ್ಣಗೆ ಕರೆಂಟು ಹಾಯಿಸಿಕೊಳ್ಳುವುದು. ಅಲ್ಲಿಯ ನರ ಹೊಟ್ಟೆಯವರೆಗೂ ಸುದ್ದಿ ಮುಟ್ಟಿಸುತ್ತದಂತೆ. ಅದನ್ನು ಎಬ್ಬಿಸಿದರೆ ಎಲ್ಲ ಹದಕ್ಕೆ ಬರಬಹುದು, ಬರದೆಯೂ ಇರಬಹುದು ಎಂದರು ಡಾಕ್ಟರಮ್ಮ. ಇವರು 'ಬರಬಹುದು' ಎನ್ನುವುದನ್ನಷ್ಟೇ ಕೇಳಿಸಿಕೊಂಡು ಸಹಿ ಹಾಕಿದರು.

ರಕ್ತದ ಫಲಿತಾಂಶ ಆರು ತಿಂಗಳಾದ ಮೇಲೆಯೇ ಹೇಳುವುದು. ಸೊಂಟವನ್ನು ಮಾತ್ರ ತಿಂಗಳಿಗೊಮ್ಮೆ ಮನೆಯಲ್ಲೇ ಅಳೆದು ಪುಸ್ತಕದಲ್ಲಿ ಬರೆಯಬೇಕು. ಮೊದಲ ದಿನ ನರ್ಸಮ್ಮ ಅಳೆದು ನಲವತ್ತನಾಲ್ಕು ಇಂಚು ಎಂದು ಬರೆದರು. ಮುಂದಿನದು ನನ್ನ ಪಾಲಿಗೆ ಬಂತು. ಟೇಪು ಹಿಡಿಯುವುದನ್ನು ನನಗೆ ಯಾರು ಹೇಳಿಕೊಡಬೇಕು?

ಸಂಜೆ ನಾನು ಹೊಲಿಯುವಾಗ ಅವರು ಪಕ್ಕದಲ್ಲಿ ಕ್ಲಿಪ್ಪು ಹಾಕಿಕೊಂಡು ಶಿಸ್ತಾಗಿ ಕೂರುತ್ತಿದ್ದರು. "ಸಿಗ್ನಲ್ ಸಿಕ್ತಾ?" ಎಂದು ನಾನು ರೇಗಿಸುತ್ತಿದ್ದೆ. ಮೊದಲ ತಿಂಗಳು ನಲವತ್ತನಾಲ್ಕೂವರೆ ಬಂತು. ಆಮೇಲೆ ನಲವತ್ತನಾಲ್ಕು, ಮತ್ತೆ ಅದೇ ನಲವತ್ತನಾಲ್ಕು. ಅವರ ಪ್ಯಾಂಟುಗಳಿಗೆಲ್ಲ ನಾನೇ ಎಲಾಸ್ಟಿಕ್ ಹಾಕಿದ್ದರಿಂದ ಅವೂ ಬಾಯಿ ಬಿಡಲಿಲ್ಲ.

ಅವರು ಮೆತ್ತಗಾದರು. ಒಂದು ದಿನ, ನಾನು ಕೇಳದಿದ್ದರೂ, ಫ್ಯೂಸ್ ಹಾಕುವುದನ್ನು ತೋರಿಸಿದರು. ಇನ್ನೊಂದು ದಿನ ನೀರಿನ ವಾಲ್ವ್ ಎಲ್ಲಿದೆ ಎಂದು ತೋರಿಸಿದರು. ಯಾಕೆಂದು ನನಗೆ ಅರ್ಥವಾಯಿತು. ಆದರೂ ಏನೂ ತಿಳಿಯದವಳ ಹಾಗೆ ಇದ್ದೆ.

"ಆ ಡಬ್ಬಿ ವಾಪಸ್ ಕೊಟ್ಟುಬಿಡೋಣ ಕಣೇ," ಎಂದರು ಕೊನೆಗೆ. "ನನ್ನ ನರ ನನ್ನ ಹಾಗೇ ಮೊಂಡು."

ಆಸ್ಪತ್ರೆಯಲ್ಲಿ ಡಬ್ಬಿಯನ್ನು ಮೇಜಿನ ಮೇಲಿಟ್ಟೆವು. ನರ್ಸಮ್ಮ ಫೈಲು ಹುಡುಕುತ್ತಾ, "ಕೊನೇ ಅಳತೆ ನೀವೇ ತೆಗೀರಿ," ಎಂದರು. ನಾನು ಟೇಪು ಸುತ್ತಿದೆ. ನರ್ಸಮ್ಮ ತಲೆಯೆತ್ತಿ ನೋಡಿದವರು ಹಾಗೇ ನಿಂತರು.

"ಟೇಪಿನೊಳಗೆ ಬೆರಳು ಯಾಕೆ ಇಟ್ಟಿದೀರಿ?"

ನೋಡಿಕೊಂಡೆ. ಎರಡು ಬೆರಳು ಸೆಟೆದು ನಿಂತಿದ್ದವು. "ಇಡದೆ ಅಳೆದು ಹೊಲಿದ್ರೆ ಊಟ ಆದ್ಮೇಲೆ ಗುಂಡಿ ಹಾರುತ್ತಲ್ಲ," ಎಂದು ಹೇಳಿ, ನಾಲಗೆ ಕಚ್ಚಿಕೊಂಡೆ. ಮೂರು ತಿಂಗಳೂ ಹೀಗೇ ಅಳೆದಿದ್ದೆ.

"ತೆಗೆದು ಅಳೀರಿ."

ನಲವತ್ತೆರಡೂವರೆ.

"ಇದು ಕರೆಂಟಿಂದಲೋ ಮಾತ್ರೆಯಿಂದಲೋ ಈಗಲೇ ಹೇಳಕ್ಕಾಗಲ್ಲ," ಎಂದರು ನರ್ಸಮ್ಮ. ಅವರ ಮಾತು ಮುಗಿಯುವ ಮೊದಲೇ ಇವರು ಮೇಜಿನ ಮೇಲಿದ್ದ ಡಬ್ಬಿಯನ್ನು ಎತ್ತಿಕೊಂಡು ಕಂಕುಳಲ್ಲಿ ಇಟ್ಟುಕೊಂಡಿದ್ದರು.

"ಇನ್ನೂ ಮೂರು ತಿಂಗಳು ಇದೆ ಅಲ್ವಾ?" ಎಂದು ಕೇಳಿದರು.

ನನಗೆ ಅಳು ತಡೆಯಲಾಗಲಿಲ್ಲ. "ಒಂದೂವರೆ ಇಂಚಿಗೆ ಇಷ್ಟು ಅಳೋದಾ?" ಎಂದರು ಇವರು.

"ಮೂರು ತಿಂಗಳು ಸಾವಿನ ಭಯ ಹುಟ್ಟಿಸಿದ್ದು ನಾನೇ ಅಲ್ವೇನ್ರಿ."

"ಸಾಯೋದಕ್ಕೆ ಯಾರು ಹೆದರಿದ್ರು? ನೀನು ಒಬ್ಬಳೇ ಆಗ್ತೀಯಲ್ಲ, ಅದಕ್ಕೆ ಹೆದರಿದ್ದೆ ಕಣೇ."

ಮದುವೆಯಾದ ಇಪ್ಪತ್ತೆಂಟು ವರ್ಷದಲ್ಲಿ ಇಂಥ ಮಾತು ಅವರ ಬಾಯಿಂದ ಬಂದದ್ದು ಇದೇ ಮೊದಲು. ನರ್ಸಮ್ಮನ ಎದುರಿಗೇ ನಾನು ಅವರ ಕೈ ಹಿಡಿದುಕೊಂಡೆ.