ಕತ್ತರಿಸಿ ತೂಗುವ ಓಂಕಾರಪ್ಪನವರು

೧

ಎಲ್ಲಿಂದ ಶುರು ಮಾಡಲಿ? ನಿಮ್ಮನ್ನೇ ಕೇಳುತ್ತಿದ್ದೇನೆ, ಓದುಗರೇ. ಎಡಪ್ಪಳ್ಳಿ ಮೆಟ್ರೋ ಸ್ಟೇಷನ್ನಿನ ಎಸ್ಕಲೇಟರಿನಿಂದ ಶುರು ಮಾಡಬಹುದು. ಮೂವತ್ತೆರಡು ವರ್ಷದ ಪಾವನಾ ಅದರ ಮೇಲೆ ನಿಂತಿದ್ದಾಳೆ. ಎಸ್ಕಲೇಟರಿಗೆ ಒಂದು ಇಳಿಜಾರಿದೆ. ಇಳಿಜಾರು ಎಂದರೆ ಕ್ಯಾಲ್ಕುಲಸ್. ನೋಡಿದಿರಾ, ಎಷ್ಟು ಜಾಣ ನಾನು! ನಾಲ್ಕು ಸಾಲು ಬರೆದೆ, ಐದನೆಯದರಲ್ಲಿ ತಾನಾಗಿಯೇ ಮಳೆ ಬಂತು. ಕೊಚ್ಚಿಯ ಕಥೆಗಳಲ್ಲಿ ಐದನೇ ಸಾಲಿಗೆ ಮಳೆ ಬರಲೇಬೇಕೆಂದು ಯಾರು ಕಾನೂನು ಮಾಡಿದರೋ ಗೊತ್ತಿಲ್ಲ. ಎಲ್ಲ ಅಳಿಸಿದೆ.

೨

ಎರಡನೇ ಪ್ರಯತ್ನ. ಈ ಸಲ ಸೀದಾ ವಿಷಯಕ್ಕೆ ಬರುತ್ತೇನೆ.

ಪಾವನಾ ನನ್ನ ಪಕ್ಕದ ಸೀಟಿನವಳು. ಕಾಕ್ಕನಾಡಿನ ಐಟಿ ಪಾರ್ಕಿನಲ್ಲಿ ಅವಳು ಸಾಫ್ಟ್‌ವೇರ್ ಟೆಸ್ಟ್ ಮಾಡುತ್ತಾಳೆ, ನಾನು ಅದೇ ಸಾಫ್ಟ್‌ವೇರಿಗೆ ಕೈಪಿಡಿ ಬರೆಯುತ್ತೇನೆ. (ಕೈಪಿಡಿಯನ್ನು ಯಾರೂ ಓದುವುದಿಲ್ಲ. ಕನ್ನಡದಲ್ಲಿ ಕಥೆ ಬರೆಯುವವರಿಗೆ ಇದಕ್ಕಿಂತ ಒಳ್ಳೆಯ ತರಬೇತಿ ಸಿಗದು.) ನಮ್ಮ ಕಂಪನಿಯಲ್ಲಿ ಹೊಸದಾಗಿ ಡೇಟಾ ಟೀಮ್ ಕಟ್ಟುತ್ತಿದ್ದಾರೆ. ಸೇರಬೇಕಾದರೆ ಸೋಮವಾರ ಒಂದು ಪರೀಕ್ಷೆ. ಅದರಲ್ಲಿ ಅರ್ಧ ಕ್ಯಾಲ್ಕುಲಸ್ಸು. ಪಾವನಾ ಸೂತ್ರಗಳನ್ನು ಹಳದಿ ಚೀಟಿಗಳ ಮೇಲೆ ಬರೆದು ಮಾನಿಟರಿನ ಸುತ್ತ ಅಂಟಿಸಿಕೊಂಡಳು. ಬೆಳಿಗ್ಗೆ ಬಾಯಿಪಾಠ ಮಾಡಿದ್ದು ಮಧ್ಯಾಹ್ನದ ಊಟದ ಹೊತ್ತಿಗೆ ಮರೆತಿರುತ್ತಿತ್ತು. ಫ್ಯಾನ್ ಗಾಳಿಗೆ ಚೀಟಿಗಳೂ ಉದುರಿದವು.

ಅವಳ ಅಪ್ಪ ಓಂಕಾರಪ್ಪನವರು. ದಾವಣಗೆರೆ ಕಡೆಯವರು. ತಿರುವನಂತಪುರದಲ್ಲಿ ರಾಕೆಟ್ ಕೆಲಸ ಮಾಡುವ ಕೇಂದ್ರ ಸರ್ಕಾರದ ಒಂದು ಸಂಸ್ಥೆಯಲ್ಲಿ ಮೂವತ್ತೆಂಟು ವರ್ಷ ದುಡಿದು, ನಿವೃತ್ತರಾಗಿ, ಹೆಂಡತಿ ನಿರ್ಮಲ ಅವರೊಂದಿಗೆ ಅಲ್ಲಿಯೇ ಉಳ್ಳೂರಿನಲ್ಲಿದ್ದಾರೆ. (ಸಂಸ್ಥೆಯ ಹೆಸರು ಹೇಳುವುದಿಲ್ಲ. ಹೇಳಿದರೆ ನೀವು ಕಥೆ ಬಿಟ್ಟು ಗೂಗಲ್ ಮಾಡುತ್ತೀರಿ.)

ಇನ್ನೇನು? ಮಗಳಿಗೆ ಗಣಿತ ಬಾರದು, ಅಪ್ಪ ವಿಜ್ಞಾನಿ. ಶನಿವಾರದ ರೈಲು ಹತ್ತಿಸಿದರೆ ಕಥೆ ಮುಗಿಯಿತು. ಕಥೆಗಳಿಗೂ ಸೂತ್ರಗಳಿವೆ, ನನಗೆ ಅವೆಲ್ಲ ಬಾಯಿಪಾಠ.

೩

ಅಷ್ಟರಲ್ಲಿ ಫೋನ್ ಬಂತು.

"ಏನ್ರಿ ಲೇಖಕ್ರೇ, ನನ್ ಬಗ್ಗೆ ಬರಿಯಾಕತ್ತೀರಂತೆ?"

ಓಂಕಾರಪ್ಪನವರಿಗೆ ನನ್ನ ನಂಬರ್ ಕೊಟ್ಟವರು ಯಾರು? ನಾನೇ ಇರಬೇಕು. ಹೆಸರು, ಊರು, ಹೆಂಡತಿ ಎಲ್ಲ ಕೊಟ್ಟವನು ನಂಬರ್ ಕೊಟ್ಟಿರಲಾರೆನೇ?

"ಹೌದು ಸರ್. ಒಂದು ಸಣ್ಣ ಕಥೆ."

"ನನ್ ಹೆಸರಿನ ಮುಂದೆ ಏನು ಹಾಕೀರಿ?"

"ವಿಜ್ಞಾನಿ ಅಂತ."

ಆ ಕಡೆ ಕುಕ್ಕರಿನ ಸೀಟಿ ಕೇಳಿಸಿತು.

"ಹಂಗೇ ಇರ್ಲಿ ಬಿಡ್ರಿ" ಎಂದರು. "ಖರೇ ಹೇಳ್ಬೇಕಂದ್ರೆ ನಾನು ಟೆಕ್ನಿಷಿಯನ್ನು. ಐಟಿಐ ಓದ್ದೋನು. ಊರಾಗೆ ಮೊದ್ಲು ಯಾರೋ ವಿಜ್ಞಾನಿ ಅಂದ್ರು, ನಾನು ಅಲ್ಲ ಅನ್ಲಿಲ್ಲ. ಆಮೇಲೆ ಶಾಲು ಹೊದ್ಸಿದ್ರು. ಶಾಲು ಹೊದ್ಸಿಕೊಂಡ್ ಮೇಲೆ ಹೆಂಗ್ ಹೇಳ್ತೀರಿ? ಪಾವನಾ ಸ್ಕೂಲ್ ಫಾರಂನಾಗೆಲ್ಲ ಸೈಂಟಿಸ್ಟ್ ಅಂತ್ಲೇ ತುಂಬಿದ್ಲು. ಆಕಿಗೆ ಈಗ್ಲೂ ಗೊತ್ತಿಲ್ಲ. ಕಥೆ ತಾನೇ? ಅದ್ರಾಗರ ವಿಜ್ಞಾನಿ ಆಗಿ ಇರ್ತೀನಿ."

ಆಮೇಲೆ ಇನ್ನೊಂದು ಮಾತು ಹೇಳಿದರು. ಅದನ್ನು ನಾನು ಕೇಳಿರಲಿಲ್ಲ. ಪಾವನಾಳಿಗೆ ಹದಿನೇಳು ವರ್ಷವಿದ್ದಾಗ ಒಂದು ಸಂಜೆ ಲೆಕ್ಕದ ಪುಸ್ತಕ ತಂದು ಅವರ ಮುಂದೆ ಹಿಡಿದಿದ್ದಳಂತೆ. ಪುಟದ ತುಂಬ ಕ್ಯಾಲ್ಕುಲಸ್ಸಿನ ಉದ್ದುದ್ದ ಎಳೆದ ಎಸ್ ಅಕ್ಷರಗಳು. ಓಂಕಾರಪ್ಪನವರು ನೋಡಿದರು, "ಈಗ ಬಿಡುವಿಲ್ಲವ್ವ" ಎಂದರು, ನೀರಿನ ಮೋಟರ್ ಆರಿಸುವ ನೆಪದಲ್ಲಿ ಕೆಳಗಿಳಿದು ಹೋದರು. ಮೋಟರ್ ಹಾಕಿಯೇ ಇರಲಿಲ್ಲ. ಅದಾದ ಮೇಲೆ ಹದಿನೈದು ವರ್ಷ ಅವಳು ಅಪ್ಪನನ್ನು ಏನನ್ನೂ ಕೇಳಲಿಲ್ಲ. ಉಂಡ್ರಾ, ಮಲಗಿದ್ರಾ, ಬಿಪಿ ಮಾತ್ರೆ ತಗೊಂಡ್ರಾ, ಅಷ್ಟೇ.

೪

ಕೇಳಿಕೊಂಡಂತೆ ಅವರನ್ನು ವಿಜ್ಞಾನಿಯಾಗಿಯೇ ಇಟ್ಟು ಬರೆದೆ. ಪೂರ್ತಿ ಇಲ್ಲಿದೆ:

"ವಿಜ್ಞಾನಿ ಓಂಕಾರಪ್ಪನವರು ಮಗಳಿಗೆ ಸೂತ್ರಗಳನ್ನು ಚೆನ್ನಾಗಿ ವಿವರಿಸಿದರು. ಪಾವನಾ ಆಕಳಿಸಿದಳು."

ಮುಂದೆ ಒಂದಕ್ಷರ ಹೊರಡಲಿಲ್ಲ. ಸೂತ್ರ ಹೇಳಿಕೊಡುವ ಅಪ್ಪ ಆ ಹಳದಿ ಚೀಟಿಗಳಿಗಿಂತ ಯಾವ ರೀತಿಯಲ್ಲಿ ಮೇಲು? ಅವಳಿಗೆ ಬೇಕಾದದ್ದು ವಿಜ್ಞಾನಿಗೆ ಗೊತ್ತಿರಲಿಲ್ಲ, ಟೆಕ್ನಿಷಿಯನ್ ಓಂಕಾರಪ್ಪನವರಿಗೆ ಗೊತ್ತಿತ್ತು. ಅದನ್ನು ಹೇಳಿಕೊಡಬೇಕಾದರೆ ತಾನು ಯಾರೆಂದು ಅವರು ಮಗಳಿಗೆ ಹೇಳಲೇಬೇಕಾಗುತ್ತದೆ. ಇಲ್ಲಿ ನನ್ನ ಕಥೆಯೂ ಸಿಕ್ಕಿಕೊಂಡಿದೆ, ಅವರೂ ಸಿಕ್ಕಿಕೊಂಡಿದ್ದಾರೆ.

ನಾನೇ ಫೋನ್ ಮಾಡಿದೆ. "ಸರ್, ನೀವು ವಿಜ್ಞಾನಿಯಾಗಿದ್ದರೆ ಕಥೆ ನಡೆಯುವುದಿಲ್ಲ."

"ನಡೀದಿದ್ರೆ ಕುಂದ್ರಸ್ರಿ" ಎಂದು ಫೋನ್ ಇಟ್ಟುಬಿಟ್ಟರು.

೪½

(ಓಂಕಾರಪ್ಪನವರ ಕೆಲಸವೇನಿತ್ತೆಂದು ಇಲ್ಲಿ ಹೇಳಿಬಿಡುತ್ತೇನೆ, ಆಮೇಲೆ ಪುರುಸೊತ್ತು ಸಿಗುವುದಿಲ್ಲ. ಅವರು ಸೇರಿದ ಕಾಲಕ್ಕೆ ಎಲ್ಲರ ಮೇಜಿಗೂ ಕಂಪ್ಯೂಟರ್ ಬಂದಿರಲಿಲ್ಲ. ಎಂಜಿನ್ ಉರಿಸಿದಾಗ ಅದರ ನೂಕುವ ಬಲ ಎಷ್ಟು ಏರಿತು, ಎಷ್ಟು ಇಳಿಯಿತು ಎಂದು ಒಂದು ಪೆನ್ನು ಉದ್ದನೆಯ ಕಾಗದದ ಮೇಲೆ ಗೆರೆ ಎಳೆಯುತ್ತ ಹೋಗುತ್ತಿತ್ತು. ಉರಿದಷ್ಟು ಹೊತ್ತಿನ ಒಟ್ಟು ನೂಕು ಬೇಕೆಂದರೆ ಆ ಗೆರೆಯ ಕೆಳಗಿನ ಜಾಗವನ್ನು ಅಳೆಯಬೇಕು. ಅಂಕುಡೊಂಕು ಗೆರೆಯ ಕೆಳಗಿನ ಜಾಗ ಅಳೆಯುವುದು ಹೇಗೆ? ಓಂಕಾರಪ್ಪನವರು ಗೆರೆಗುಂಟ ಕತ್ತರಿಸಿ, ಕಾಗದವನ್ನು ತಕ್ಕಡಿಯಲ್ಲಿ ಇಡುತ್ತಿದ್ದರು. ಕಾಗದದ ತೂಕವೇ ಉತ್ತರ. ಕ್ಯಾಲ್ಕುಲಸ್ಸಿನ ಅರ್ಧಭಾಗ ಇದೇ. ಅದನ್ನು ಅವರಿಗೆ ಯಾರೂ ಹೇಳಿರಲಿಲ್ಲ.)

೫

ಶನಿವಾರ ಬೆಳಿಗ್ಗೆ. ಪಾವನಾ ರೈಲಿನಲ್ಲಿ ಚೀಟಿಗಳನ್ನು ಓದುತ್ತ ಹೋದಳು. ಉಳ್ಳೂರಿನ ಮನೆಯ ಊಟದ ಮೇಜಿನ ಮೇಲೆ ಅವನ್ನೆಲ್ಲ ಹರಡಿಕೊಂಡು ಕೂತಳು. ನಿರ್ಮಲ ಅವರು ಪಳಂಪೊರಿ ಕರಿಯುತ್ತಿದ್ದರು. ನೇಂದ್ರಬಾಳೆಯ ಈ ಬಜ್ಜಿ ನಲವತ್ತು ವರ್ಷದಲ್ಲಿ ಮಿರ್ಚಿಯನ್ನು ಮನೆಯಿಂದ ಓಡಿಸಿದೆ. ಓಂಕಾರಪ್ಪನವರು ಎರಡು ಪಳಂಪೊರಿ ತಿಂದರು, ಒಂದು ಸಲ ಬಾಲ್ಕನಿಗೆ ಹೋದರು, ಬಂದರು, ಮತ್ತೆ ಹೋದರು. ಮೋಟರ್ ಕಡೆಗಿಳಿಯುವ ಮೆಟ್ಟಿಲ ಹತ್ತಿರ ನಿಂತಿದ್ದನ್ನು ನಾನು ನೋಡಿದೆ. (ಲೇಖಕನಿಗೆ ಇಷ್ಟು ಸೌಲಭ್ಯವಿರುತ್ತದೆ.) ಕೆಳಗಿಳಿಯಲಿಲ್ಲ. ಹಳೆಯ ಕ್ಯಾಲೆಂಡರು, ಕತ್ತರಿ, ಆನ್‌ಲೈನಿನಲ್ಲಿ ತರಿಸಿಟ್ಟುಕೊಂಡಿದ್ದ ಚಿನ್ನ ತೂಗುವ ಪುಟ್ಟ ತಕ್ಕಡಿ ತಂದು ಮೇಜಿನ ಮೇಲಿಟ್ಟರು.

ಕ್ಯಾಲೆಂಡರಿನ ಹಿಂಬದಿಯಲ್ಲಿ ಒಂದೇ ಅಳತೆಯ ಎರಡು ಚೌಕ ಎಳೆದರು. "ಇದ್ರೊಳಗೆ ನಿನ್ ಎಕ್ಸ್ ಸ್ಕ್ವೇರ್ ಬರಿ."

"ಎಂದಿನಾ ಅಪ್ಪಾಜಿ?" ಎಂದಳು ಮಲಯಾಳದಲ್ಲೇ, ಯಾತಕ್ಕೆ ಎಂದು. ಆದರೂ ಬರೆದಳು. ಎಡಗಡೆ ನೆಲಕ್ಕಂಟಿಕೊಂಡು ಹೊರಟ ಗೆರೆ ಬಲಗಡೆ ಚೌಕದ ನೆತ್ತಿಗೆ ಏರಿತು.

ಇಡೀ ಚೌಕವನ್ನು ಕತ್ತರಿಸಿ, ಮಡಚಿ, ತಕ್ಕಡಿಯಲ್ಲಿಟ್ಟರು. ಒಂಬತ್ತು ಗ್ರಾಂ. ಎರಡನೆಯದನ್ನು ಗೆರೆಗುಂಟ ಕತ್ತರಿಸಿದರು. ಕತ್ತರಿ ಗೆರೆ ಬಿಟ್ಟು ಕದಲಲಿಲ್ಲ. ಗೆರೆಯ ಕೆಳಗಿನ ಕಾಗದ ಇಟ್ಟರು.

"ಮೂರು ಗ್ರಾಂ ಬರ್ಬೇಕು" ಎಂದಳು ಪಾವನಾ. "ಫಾರ್ಮುಲಾ ಪ್ರಕಾರ ಒನ್ ಥರ್ಡ್."

ಮೂರೂ ಕಾಲು ಗ್ರಾಂ ಬಂತು.

ಓಂಕಾರಪ್ಪನವರ ಮುಖ ಇಳಿದುಹೋಯಿತು. ನಾನು ನನ್ನ ಹಾಳೆ ತೆಗೆದು ನೋಡಿದೆ, ಮೂರು ಎಂದೇ ಬರೆದಿದ್ದೆ. ಅಡುಗೆಮನೆಯಿಂದ ನಿರ್ಮಲ ಅವರು ಇಣುಕಿದರು.

"ಕೈ ತೊಳ್ಕಂಡ್ರೇನ್ರಿ? ಕಾಗದದ ತುಂಬ ಪಳಂಪೊರಿ ಎಣ್ಣೆ!"

ಕೈ ತೊಳೆದು ಬಂದು ಇನ್ನೊಂದು ತಿಂಗಳನ್ನು ಹರಿದರು. ಈ ಸಲ ಮೂರು ಪಾಯಿಂಟ್ ಸೊನ್ನೆ ಎರಡು. ಪಾವನಾ ಚಪ್ಪಾಳೆ ತಟ್ಟಿದಳು. ಆಮೇಲೆ ಕತ್ತರಿ ನೋಡಿದಳು, ಅಪ್ಪನ ಕೈ ನೋಡಿದಳು.

"ಸೈಂಟಿಸ್ಟ್ಸ್ ಇದನ್ನ ಮಾಡ್ತಾರಾ?"

ನನ್ನ ಹತ್ತಿರ ಇದಕ್ಕೆ ಮೂರು ಚಂದದ ಉತ್ತರಗಳಿದ್ದವು. ಓಂಕಾರಪ್ಪನವರು ಒಂದನ್ನೂ ತೆಗೆದುಕೊಳ್ಳಲಿಲ್ಲ.

"ಸೈಂಟಿಸ್ಟು ಮಾಡಲ್ಲವ್ವ, ಮಾಡಿಸ್ತಾರೆ. ಮಾಡೋನು ನಾನು. ಟೆಕ್ನಿಷಿಯನ್ನು. ಅವತ್ತು ನಂಗೆ ಬಿಡುವಿರ್ಲಿಲ್ಲ ಅಂತಲ್ಲ. ನಂಗೆ ಆ ಪುಸ್ತಕ ಬರ್ತಿರ್ಲಿಲ್ಲ."

ಪಾವನಾ ಚೀಟಿಗಳನ್ನು ಒಂದೊಂದಾಗಿ ಪಕ್ಕಕ್ಕೆ ಸರಿಸಿದಳು. ಮಲಯಾಳ, ಇಂಗ್ಲಿಷ್ ಎರಡನ್ನೂ ಬಿಟ್ಟು ಕನ್ನಡದಲ್ಲೇ ಹೇಳಿದಳು.

"ನಾನು ದಡ್ಡಿ ಅಂತ ಅನ್ಕೊಂಡೆ ಅಪ್ಪಾಜಿ. ನನ್ನಂಥೋಳಿಗೆ ಹೇಳ್ಕೊಡೋಕೆ ನಿಮಗೆ ಬೇಜಾರು ಅಂತ. ಅದಕ್ಕೇ ಮ್ಯಾತ್ಸ್ ಬಿಟ್ಟು ಕಾಮರ್ಸ್ ತಗೊಂಡೆ."

ಓದುಗರೇ, ಈ ಮಾತು ನಾನು ಬರೆದದ್ದಲ್ಲ. ಅಪ್ಪನ ಮಾನ ಹೋಗುತ್ತದೆಯೋ ಉಳಿಯುತ್ತದೆಯೋ ಎಂದಷ್ಟೇ ನಾನು ಲೆಕ್ಕ ಹಾಕುತ್ತಿದ್ದೆ. ಹದಿನೈದು ವರ್ಷದ ಹಿಂದಿನ ಆ ಸಂಜೆ ಮಗಳು ಏನನ್ನು ಕಳೆದುಕೊಂಡಳೆಂದು ನನಗೂ ಹೊಳೆದಿರಲಿಲ್ಲ, ಅವರಿಗೂ ಹೊಳೆದಿರಲಿಲ್ಲ.

"ತಪ್ಪಾತವ್ವ" ಎಂದರು ಓಂಕಾರಪ್ಪನವರು. ಮತ್ತೆ ಕತ್ತರಿ ಎತ್ತಿಕೊಂಡು, ಮೂರು ಗ್ರಾಮಿನ ಕಾಗದದ ಬಲಗಡೆಯಿಂದ ಬೆರಳಗಲದ ಒಂದು ಪಟ್ಟಿ ಕತ್ತರಿಸಿ ತಕ್ಕಡಿಗೆ ಹಾಕಿದರು. ಅದರ ಪಕ್ಕದ್ದೊಂದು. ಅದರ ಪಕ್ಕದ್ದೊಂದು. "ಇಲ್ನೋಡು. ಕತ್ತರಿ ಇದ್ದಲ್ಲಿ ಕಾಗದ ಎತ್ತರ ಐತೆ ಅಂದ್ರೆ ತೂಕ ಜಲ್ದಿ ಏರ್ತೈತೆ. ಗಿಡ್ಡ ಐತೆ ಅಂದ್ರೆ ನಿಧಾನ. ತೂಕ ಎಷ್ಟು ಜಲ್ದಿ ಏರ್ತೈತೆ ಅಂದ್ರೆ, ಅಲ್ಲಿ ಗೆರೆ ಎಷ್ಟು ಎತ್ತರ ಐತೋ ಅಷ್ಟು. ಇಷ್ಟೇ ನಂಗೊತ್ತಿರೋದು."

ಪಾವನಾ ಪಟ್ಟಿಗಳನ್ನು ಒಂದರ ಪಕ್ಕ ಒಂದು ಜೋಡಿಸಿದಳು. ಗಿಡ್ಡ, ಅದಕ್ಕಿಂತ ಎತ್ತರ, ಇನ್ನೂ ಎತ್ತರ. ಅವಳು ಬರೆದಿದ್ದ ಗೆರೆಯೇ ಮೇಜಿನ ಮೇಲೆ ಎದ್ದು ನಿಂತಿತು. ಅವಳ ಕಣ್ಣು ದೊಡ್ಡದಾಯಿತು.

"ಅಪ್ಪಾಜಿ, ಇದು ಥಿಯರಮ್! ಫಂಡಮೆಂಟಲ್ ಥಿಯರಮ್! ಇಡೀ ಕ್ಯಾಲ್ಕುಲಸ್ ಇದ್ರ ಮೇಲೇ ನಿಂತಿರೋದು."

"ಇಷ್ಟಕ್ಕೆ ಹೆಸ್ರು ಬೇರೆ ಇಟ್ಟಾರಾ?" ಎಂದರು ಅವರು, ನಾಚಿಕೊಂಡು.

೬

ಈಗ ಅಂತ್ಯ. ಮೂರಿವೆ, ಬೇಕಾದ್ದು ಆರಿಸಿಕೊಳ್ಳಿ.

ಒಂದನೆಯದು: ಪಾವನಾ ಪಾಸಾಗುತ್ತಾಳೆ, ಬೆಣ್ಣೆದೋಸೆ ಮಾಡುತ್ತಾರೆ. ಸೂತ್ರದಂತೆ.

ಎರಡನೆಯದು: ಓಂಕಾರಪ್ಪನವರು ಕತ್ತರಿ ಹಿಡಿದುಕೊಂಡೇ ಕೊನೆಯುಸಿರೆಳೆಯುತ್ತಾರೆ. (ಫೋನ್: "ಯಾಕ್ರೀ ನನ್ನ ಸಾಯಿಸ್ತೀರಿ? ಮೊನ್ನೆ ತಾನೇ ಹಲ್ಲು ಕಟ್ಟಿಸ್ಕಂಡೀನಿ.")

ಮೂರನೆಯದು: ಅಪ್ಪ ಮಗಳು ವಿಳಿಂಜಂ ಕಡಲಿಗೆ ಹೋಗಿ ಅಲೆಗಳಲ್ಲಿ ಗೆರೆಗಳನ್ನು ಕಾಣುತ್ತಾರೆ. (ನಿರ್ಮಲ ಅವರು: "ಶನಿವಾರ ಆ ಕಂಟೇನರ್ ಲಾರಿಗಳ ಮಧ್ಯೆ ಯಾರ್ ಹೋಗ್ತಾರೆ?" ಪಾವನಾಳಿಂದ ಮೆಸೇಜು, ನಾಚಿ ಮುಖ ಮುಚ್ಚಿಕೊಳ್ಳುವಂತಿದೆ ಎಂಬರ್ಥದ ಒಂದೇ ಪದ: "ಕ್ರಿಂಜ್.")

ಹತ್ತಿರ ಹತ್ತಿರ ಹೋಗುತ್ತಲೇ ಇದ್ದರೂ ಎಂದೂ ಮುಟ್ಟಲಾಗದ ಲಿಮಿಟ್ಟಿನಂತೆ ಈ ಕಥೆ ಎಂದು ಬರೆದೂ ಮುಗಿಸಬಹುದು. ಗಣಿತದ ಕಥೆ ಬರೆಯುವವರೆಲ್ಲ ಹಾಗೇ ಮುಗಿಸುತ್ತಾರೆ. ನನಗೂ ಆಸೆಯಾಯಿತು, ತಡೆದುಕೊಂಡೆ.

೭

ಸೋಮವಾರ ಕಳೆಯಿತು. ಪಾವನಾಳ ಮಾನಿಟರಿನ ಸುತ್ತ ಒಂದೂ ಹಳದಿ ಚೀಟಿ ಇಲ್ಲ. ಪರೀಕ್ಷೆ ಹೇಗಾಯಿತೆಂದರೆ ನಗುತ್ತಾಳೆ, ಹೇಳುವುದಿಲ್ಲ. ನನಗೋ ಕಥೆ ಮುಗಿಸಬೇಕು. ಗುರುವಾರ ಸಂಜೆ ಓಂಕಾರಪ್ಪನವರಿಗೇ ಫೋನ್ ಮಾಡಿದೆ.

"ಸರ್, ನಿಮ್ಮ ಹೆಸರಿನ ಮುಂದೆ ಏನು ಹಾಕಲಿ ಕೊನೆಗೆ?"

"ಏನರ ಹಾಕ್ರಿ."

"ಪಾವನಾ ರಿಸಲ್ಟು ಏನಾ…"

"ಲೇಖಕ್ರೇ, ಇಡ್ತೀನಿ. ಆಕಿ ಫೋನ್ ಬರಾಕತ್ತೈತೆ. ದಿನಾ ಇದೇ ಹೊತ್ತಿಗೆ ಒಂದೊಂದು ಪ್ರಶ್ನೆ ಕೇಳ್ತಾಳೆ. ನಂಗೆ ಎಲ್ಲಾ ಬರಲ್ಲ. ಬರಲ್ಲ ಅಂತೀನಿ. ಆದ್ರೂ ಕೇಳ್ತಾಳೆ."

ಇಟ್ಟುಬಿಟ್ಟರು. ಐದು ನಿಮಿಷ ಬಿಟ್ಟು ಮತ್ತೆ ಮಾಡಿದೆ. ಅರ್ಧ ಗಂಟೆ ಬಿಟ್ಟು ಮಾಡಿದೆ. ಇಷ್ಟು ಹೊತ್ತು ನೀವೂ ನನ್ನ ಜೊತೆ ಕಾದಿದ್ದೀರಿ, ಆದರೆ ಏನು ಮಾಡಲಿ, ಲೈನ್ ಇನ್ನೂ ಎಂಗೇಜ್ ಬರುತ್ತಿದೆ.