ಕೆಂಪು ಗುಂಡಿ ಒತ್ತಿದವಳ ಪರವಾಗಿ

ಆ ಸಂಶೋಧನಾ ಸಂಸ್ಥೆಯ ಜನ ಅವಳಿಗೆ ಇಟ್ಟ ಹೆಸರು ಬೇಡಮ್ಮ. ಎದುರಿಗೆ ಮೇಡಂ, ಬೆನ್ನ ಹಿಂದೆ ಬೇಡಮ್ಮ. ಸಿಲಿಂಡರನ್ನು ಸರಪಳಿ ಕಟ್ಟದೆ ನಿಲ್ಲಿಸಬೇಡಿ, ರಾಸಾಯನಿಕ ಇಡುವ ಫ್ರಿಜ್ಜಿನಲ್ಲಿ ಊಟದ ಡಬ್ಬಿ ಇಡಬೇಡಿ, ಲೇಸರ್ ಕೋಣೆಗೆ ಕನ್ನಡಕವಿಲ್ಲದೆ ನುಗ್ಗಬೇಡಿ. ಮಾತು ಎಲ್ಲಿಂದ ಶುರುವಾದರೂ ಅದು ಹೋಗಿ ನಿಲ್ಲುತ್ತಿದ್ದುದು ‘ಬೇಡ’ದಲ್ಲೇ. ಹೆಸರು ಕಿವಿಗೆ ಬಿದ್ದ ದಿನ ಅವಳು ನಕ್ಕುಬಿಟ್ಟಳು. “ಹೆಸರಿಡೋಷ್ಟು ಸಲ ಕೇಳಿಸ್ಕೊಂಡಿದಾರಲ್ಲ, ಪರವಾಗಿಲ್ಲ” ಎಂದಳು.

ಸುರಕ್ಷತಾ ವಿಭಾಗದ ಮುಖ್ಯಸ್ಥೆಯ ಕುರ್ಚಿಗೆ ಅವಳು ಆಸೆಪಟ್ಟು ಬಂದವಳಲ್ಲ. ಅದೇ ಸಂಸ್ಥೆಯಲ್ಲಿ ರಸಾಯನ ವಿಜ್ಞಾನಿಯಾಗಿ ತನ್ನ ಪಾಡಿಗೆ ತಾನಿದ್ದಳು. ಹಿಂದಿನ ವರ್ಷ ಮೂರನೇ ಬ್ಲಾಕಿನಲ್ಲಿ ದ್ರಾವಕದ ಪೀಪಾಯಿಗೆ ಬೆಂಕಿ ಹತ್ತಿ ಒಬ್ಬ ತಂತ್ರಜ್ಞನ ಎರಡೂ ಕೈ ಸುಟ್ಟುಹೋದವು. ವಿಚಾರಣಾ ಸಮಿತಿಗೆ ಅವಳನ್ನೂ ಹಾಕಿದರು. ಪೀಪಾಯಿಯ ನಲ್ಲಿ ವಾರಗಟ್ಟಲೆ ಸೋರುತ್ತಿದ್ದುದನ್ನು ಆ ಕಾರಿಡಾರಿನ ಅರ್ಧ ಜನ ನೋಡಿದ್ದರು, ಬಾಯಿ ಬಿಟ್ಟವರು ಒಬ್ಬರೂ ಇರಲಿಲ್ಲ. “ಹೇಳಿ ನಾನ್ಯಾಕೆ ಕೆಟ್ಟವನಾಗ್ಲಿ ಮೇಡಂ?” ಎಂದ ಒಬ್ಬ. “ಹೇಳಿದ್ರೆ ನಮ್ಮ ಸರ್ ನನ್ನನ್ನೇ ಹಿಡ್ಕೊಳ್ತಾರೆ” ಎಂದಳು ಇನ್ನೊಬ್ಬಳು. ಅವರ ಮಾತು ಕೇಳುತ್ತ ಕೇಳುತ್ತ ಅವಳಿಗೆ ಅನ್ನಿಸಿತು, ಆ ಕಾರಿಡಾರಿನಲ್ಲಿ ತಾನಿದ್ದಿದ್ದರೂ ಬಹುಶಃ ಸುಮ್ಮನೆ ದಾಟಿಕೊಂಡು ಹೋಗುತ್ತಿದ್ದೆ ಎಂದು. ವರದಿ ಓದಿದ ನಿರ್ದೇಶಕರು ಕನ್ನಡಕ ತೆಗೆದಿಟ್ಟು, “ಇಷ್ಟೆಲ್ಲ ಗೊತ್ತಿರೋರು ನೀವು. ನೀವೇ ವಹಿಸ್ಕೊಳ್ಳಿ” ಎಂದರು. ಅವಳು ಒಂದು ರಾತ್ರಿ ಯೋಚಿಸಿ ಹೂಂ ಎಂದಳು.

ವಹಿಸಿಕೊಂಡಾಗ ಆ ವಿಭಾಗವೆಂದರೆ ಒಂದು ಬೀಗ ಹಾಕಿದ ಬೀರು, ಗೋಡೆಯ ಮೇಲೆ ಬಿಸಿಲಿಗೆ ಬಣ್ಣ ಕಳೆದುಕೊಂಡ ನಾಲ್ಕಾರು ಪೋಸ್ಟರು, ಮತ್ತು ಅಗ್ನಿಶಾಮಕ ದಳದಿಂದ ನಿವೃತ್ತನಾಗಿ ಬಂದಿದ್ದ ಒಬ್ಬ ಸಹಾಯಕ. ಅವನ ಮೀಸೆಯ ಬಲತುದಿ ಯಾವುದೋ ಹಳೆಯ ಬೆಂಕಿಯಲ್ಲಿ ಸುಟ್ಟಿತ್ತಂತೆ, ಎಡತುದಿಯಷ್ಟು ಅದು ಮತ್ತೆಂದೂ ಉದ್ದ ಬೆಳೆಯಲಿಲ್ಲ. ಎಲ್ಲರೂ ಅವನನ್ನು ಮೀಸೆಯಣ್ಣ ಎನ್ನುತ್ತಿದ್ದರು. ಇಬ್ಬರೂ ಸೇರಿ ಪ್ರತಿಯೊಂದು ಕಟ್ಟಡ ಸುತ್ತಿದರು. ಕಣ್ಣು ತೊಳೆಯುವ ನಲ್ಲಿ ತಿರುಗಿಸಿದರೆ ತುಕ್ಕಿನ ನೀರು. ತುರ್ತು ಬಾಗಿಲು ತಳ್ಳಿದರೆ ಅದರ ಹಿಂದೆ ಹಳೇ ಕಂಪ್ಯೂಟರುಗಳ ಗುಡ್ಡೆ. ವರ್ಕ್‌ಶಾಪಿನಲ್ಲಿ ಯಂತ್ರದ ರಕ್ಷಾಕವಚ ಕಳಚಿ ಅದರ ಮೇಲೆ ಚಹಾ ಲೋಟ ಇಟ್ಟುಕೊಂಡಿದ್ದರು.

ಇವನ್ನೆಲ್ಲ ದುರಸ್ತಿ ಮಾಡಿಸುವುದು ಸುಲಭದ ಭಾಗ, ಹಟ ಹಿಡಿದು ಮಾಡಿಸಿದಳು. ಜನರ ಬಾಯಿ ತೆರೆಸುವುದೇ ಕಷ್ಟದ್ದು. ಅದಕ್ಕೆಂದೇ ಹೊಸ ಕಾರ್ಯಕ್ರಮದಲ್ಲಿ ಅವಳು ಒಂದು ನಿಯಮ ಸೇರಿಸಿದಳು: ಅಪಾಯವಿದೆ ಎಂದು ಅನುಮಾನ ಬಂದರೆ ಯಾರು ಬೇಕಾದರೂ ಯಾವ ಕೆಲಸವನ್ನಾದರೂ ನಿಲ್ಲಿಸಬಹುದು. ಕಸ ಗುಡಿಸುವವರು ನಿಲ್ಲಿಸಬಹುದು, ನಿರ್ದೇಶಕರ ಕೆಲಸವನ್ನೂ ನಿಲ್ಲಿಸಬಹುದು. ಹಾಗೆ ನಿಲ್ಲಿಸಿದವರ ಕೂದಲೂ ಕೊಂಕಬಾರದು. ನಿರ್ದೇಶಕರು ಸಹಿ ಹಾಕಿದರು. ಪ್ರತಿ ಪ್ರಯೋಗಾಲಯದ ಬಾಗಿಲ ಬಳಿ ಅನಿಲ, ವಿದ್ಯುತ್ ಎರಡನ್ನೂ ಒಮ್ಮೆಗೇ ನಿಲ್ಲಿಸುವ ಒಂದು ಕೆಂಪು ಗುಂಡಿ ಇತ್ತು. ಅವಳು ಬ್ಲಾಕಿನಿಂದ ಬ್ಲಾಕಿಗೆ ಹೋಗಿ, “ಅನುಮಾನ ಬಂದ್ರೆ ಯಾರನ್ನೂ ಕೇಳ್ಕೊಂಡು ಕೂತ್ಕೋಬೇಡಿ. ಕೆಂಪು ಗುಂಡಿ ಒತ್ತಿ, ಹೊರಗೆ ಬನ್ನಿ, ಆಮೇಲೆ ಫೋನ್ ಮಾಡಿ” ಎಂದು ಗಂಟಲು ಕಟ್ಟುವವರೆಗೆ ಹೇಳಿದಳು. ಎಲ್ಲರೂ ತಲೆಯಾಡಿಸಿದರು. ತಿಂಗಳುಗಳು ಕಳೆದವು. ಒಂದೇ ಒಂದು ಗುಂಡಿ ಒತ್ತಿದ ಸದ್ದಿಲ್ಲ, ಒಂದು ಫೋನಿಲ್ಲ.

“ಎಲ್ಲಾ ಸರಿ ಇದೆ ಅಂತಲೋ ಏನೋ” ಎಂದ ಮೀಸೆಯಣ್ಣ.

“ಎಲ್ಲಾ ಸರಿ ಇರೋ ಜಾಗ ನಾನಿನ್ನೂ ನೋಡಿಲ್ಲಪ್ಪ. ಮೊದಲು ಯಾರು ಒತ್ತುತ್ತಾರೆ, ಅವರ ಗತಿ ಏನಾಗತ್ತೆ ಅಂತ ನೋಡೋಕೆ ಕಾಯ್ತಿದಾರೆ.”

ಕೊನೆಗೆ ಗುಂಡಿ ಒತ್ತಿದ್ದು ಹರಳು ಬೆಳೆಸುವ ಕಟ್ಟಡದಲ್ಲಿ. ಅಲ್ಲಿನ ಯಜಮಾನ ಅವಳ ಅಕ್ಕನ ಗಂಡ.

ಭಾವ ದೊಡ್ಡ ವಿಜ್ಞಾನಿ, ಮಾತಿಗೆ ಕೂತರೆ ನಗಿಸಿ ನಗಿಸಿ ಹೊಟ್ಟೆ ಹುಣ್ಣಾಗಿಸುವ ಮನುಷ್ಯ. ಅವಳು ಚಿಕ್ಕವಳಿದ್ದಾಗ ಅಕ್ಕನನ್ನು ಮದುವೆಯಾಗಿ ಬಂದವರು, ಅವಳಿಗೆ ಗಣಿತ ಹೇಳಿಕೊಟ್ಟು ಈ ದಾರಿಗೆ ಹಚ್ಚಿದವರೂ ಅವರೇ. ಅವರ ಕುಲುಮೆಯಲ್ಲಿ ಹೈಡ್ರೋಜನ್ ಗಾಳಿಯ ನಡುವೆ, ಕಣ್ಣಿಗೆ ಕಾಣದಷ್ಟು ನಿಧಾನವಾಗಿ ಒಂದು ಹರಳು ಬೆಳೆಯುತ್ತಿತ್ತು. ತಿಂಗಳಾನುಗಟ್ಟಲೆ ಒಂದೇ ಹದದ ಬಿಸಿ ಬೇಕು. “ಇದು ನನ್ನ ಮೂರನೇ ಮಗು. ಮೊದಲೆರಡರ ಹಾಗಲ್ಲ, ಹೇಳಿದ ಮಾತು ಕೇಳತ್ತೆ” ಎನ್ನುತ್ತಿದ್ದರು.

ಅದೊಂದು ಮಧ್ಯಾಹ್ನ ಭಾವ ಊಟಕ್ಕೆ ಹೋಗಿದ್ದರು. ಕುಲುಮೆಯ ಪಕ್ಕದ ಕೋಣೆಯಲ್ಲಿ ಒಬ್ಬ ಸಂಶೋಧನಾ ವಿದ್ಯಾರ್ಥಿನಿ ಕೆಲಸ ಮಾಡುತ್ತಿದ್ದಳು. ಹೆರಿಗೆ ರಜೆ ಮುಗಿಸಿ ಆಗಷ್ಟೇ ವಾಪಸು ಬಂದವಳು. ಅವಳಿಗೆ ಸುಟ್ಟ ವಾಸನೆ ಬಂತು. ಕುಲುಮೆಯ ಕೋಣೆಗೆ ಇಣುಕಿದರೆ ಗೋಡೆಯ ಮೇಲಿನ ಅನಿಲ ಸೂಚಕ ಪೀಂಕ್ ಎಂದಿತು, ಸ್ವಲ್ಪ ಬಿಟ್ಟು ಮತ್ತೆ ಪೀಂಕ್ ಎಂದಿತು. ಒಳಗೆ ಹೈಡ್ರೋಜನ್ ಇದೆ ಎಂಬುದು ಅವಳಿಗೆ ಗೊತ್ತಿತ್ತು. ಮೂರನೇ ಪೀಂಕ್‌ಗೆ ಕಾಯದೆ ಕೆಂಪು ಗುಂಡಿ ಒತ್ತಿದಳು. ಅನಿಲ ನಿಂತಿತು, ವಿದ್ಯುತ್ ಹೋಯಿತು, ಗಂಟೆ ಬಡಿಯಿತು, ಇಡೀ ಕಟ್ಟಡದ ಜನ ಹೊರಗಿನ ಹುಲ್ಲಿಗೆ ಬಂದು ನಿಂತರು.

ಬೇಡಮ್ಮ ಮತ್ತು ಮೀಸೆಯಣ್ಣ ಓಡಿ ಬಂದು ಅಳತೆ ಉಪಕರಣ ಹಿಡಿದು ಒಳಗೆ ಹೋದರು. ಸೋರಿಕೆ ಎಲ್ಲೂ ಇರಲಿಲ್ಲ. ವಾಸನೆ ಬಂದದ್ದು ಮೇಲಿನ ಮಹಡಿಯಲ್ಲಿ ಅಂದು ಮೊದಲ ಸಲ ಓಡಿಸಿದ ಹೊಸ ಫ್ಯಾನಿನ ಮೋಟಾರಿನ ಬಣ್ಣ ಕಾದದ್ದರಿಂದ. ಸೂಚಕ ಪೀಂಕ್ ಎಂದದ್ದು ಅದರ ಬ್ಯಾಟರಿ ಮುಗಿಯುತ್ತ ಬಂದಿದ್ದರಿಂದ. ಅನಿಲ ಸೋರಿದ್ದರೆ ಅದು ಬಿಡದೆ ಒಂದೇ ಸಮನೆ ಅರಚುತ್ತಿತ್ತು.

ಅಷ್ಟರಲ್ಲಿ ಬಿಸಿ ಇಳಿದ ಕುಲುಮೆಯೊಳಗೆ ಏನೋ ಟಪ್ ಎಂದಿತು. ಬಾಗಿಲಲ್ಲಿ ಬಂದು ನಿಂತಿದ್ದ ಭಾವನಿಗೆ ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಹರಳು ಸೀಳಿಹೋಗಿತ್ತು. ಅವರು ಕೂಗಾಡಲಿಲ್ಲ. ನಾದಿನಿಯ ಮುಖವನ್ನೂ ನೋಡದೆ, ಕುಲುಮೆಯ ಮೇಲೆ ಒಂದು ಕೈ ಇಟ್ಟು ಸುಮ್ಮನೆ ನಿಂತರು. ಬೈದಿದ್ದರೆ ಎಷ್ಟೋ ವಾಸಿ ಅನ್ನಿಸಿತು ಅವಳಿಗೆ.

ಹೊರಗೆ ವಿದ್ಯಾರ್ಥಿನಿ ಹುಲ್ಲಿನ ಮೇಲೆ ಕುಸಿದು ಕೂತಿದ್ದಳು. “ಮೇಡಂ, ಏನೂ ಇರ್ಲಿಲ್ವಂತೆ. ನಾನು ಹಾಳು ಮಾಡ್ಬಿಟ್ಟೆ.”

“ನೀನು ಏನು ನೋಡ್ದೆ?”

“ವಾಸನೆ ಬಂತು. ಪೀಂಕ್ ಅಂತು.”

“ನಾನು ಏನು ಮಾಡು ಅಂತ ಹೇಳಿದ್ದೆ?”

“ಒತ್ತು ಅಂತ.”

“ಒತ್ತಿದೀಯ. ಅಷ್ಟೇ ಆಗಿದ್ದು. ಈಗ ಮನೆಗೆ ಹೋಗಿ ಮಗೂನ ಎತ್ತಿಕೊಂಡು ಕೂತ್ಕೋ. ಉಳಿದಿದ್ದು ನಂಗಿರಲಿ.”

ಹಾಗೆ ಹೇಳಿ ಕಳಿಸಿದರೂ ಜನ ಬಿಡಬೇಕಲ್ಲ. ಮರುದಿನದಿಂದ ಆ ಹುಡುಗಿ ಕ್ಯಾಂಟೀನಿನಲ್ಲಿ ತಟ್ಟೆ ಹಿಡಿದು ನಡೆದರೆ ಯಾವುದೋ ಮೂಲೆಯಿಂದ ‘ಪೀಂಕ್’ ಎಂದು ಸದ್ದು ಬರುತ್ತಿತ್ತು, ಅದರ ಹಿಂದೆ ಕಿಸಿಕಿಸಿ ನಗು. ಅವಳು ಊಟಕ್ಕೆ ಬರುವುದನ್ನೇ ಬಿಟ್ಟಳು. ಒಂದು ಸಂಜೆ ಬೇಡಮ್ಮನಿಗೆ ಅಕ್ಕನ ಫೋನ್ ಬಂತು.

“ಏನೇ ಇದು? ಇವರು ಊಟಾನೂ ಮಾಡ್ದೆ ಗೋಡೆ ನೋಡ್ತಾ ಕೂತಿದಾರೆ.”

“ಗೊತ್ತು ಅಕ್ಕಾ.”

“ಆ ಹುಡುಗಿಗೆ ಎರಡು ಮಾತು ಗಟ್ಟಿಯಾಗಿ ಹೇಳಿಬಿಡು. ಇವರ ಮನಸ್ಸಿಗೂ ಒಂಚೂರು ಸಮಾಧಾನ ಆಗತ್ತೆ. ನಿನ್ನ ಗಂಟೇನು ಹೋಗತ್ತೆ?”

“ಆಗಲ್ಲ ಅಕ್ಕಾ.”

“ಮನೆಯವರಿಗಿಂತ ಹೆಚ್ಚಾಗಿ ಹೋದ್ಲಾ ಅವಳು?”

ಈ ಭಾವ ತನ್ನ ಕೈಹಿಡಿದು ಶಾಲೆಯ ಗೇಟಿನವರೆಗೆ ಬಿಡುತ್ತಿದ್ದವರು. “ಹಾಗಲ್ಲಕ್ಕಾ. ನಾಳೆ ಭಾವನ ಕುಲುಮೇಲೇ ನಿಜವಾಗ್ಲೂ ಸೋರಿದ್ರೆ, ಅಲ್ಲಿರೋರು ಈ ಹುಡುಗಿ ಗತಿ ನೆನೆಸ್ಕೊಂಡು ಕೈ ಹಿಂದಕ್ಕೆ ತಗೋಬಾರದು” ಎಂದಳು. ಅಕ್ಕ ಫೋನಿಟ್ಟಳು.

ಸಭೆ ಕರೆದಾಗ ವಿಭಾಗಗಳ ಮುಖ್ಯಸ್ಥರೆಲ್ಲ ಉದ್ದನೆಯ ಮೇಜಿನ ಸುತ್ತ ಕೂತಿದ್ದರು. ಭಾವ ಕಿಟಕಿಯ ಕಡೆ ಮುಖ ಮಾಡಿದ್ದರು. ನಿರ್ದೇಶಕರು ಸಮಾಧಾನದ ದನಿಯಲ್ಲಿ, “ದೊಡ್ಡ ಶಿಕ್ಷೆ ಏನೂ ಬೇಡ. ಒಂದು ಸಣ್ಣ ಮೆಮೊ ಕೊಡೋಣ, ಇನ್ನು ಮುಂದೆ ಸರಿಯಾಗಿ ವಿಚಾರಿಸಿ ಒತ್ತಬೇಕು ಅಂತ. ಎಲ್ಲರಿಗೂ ಸರಿಹೋಗತ್ತೆ” ಎಂದರು. ಹಲವು ತಲೆಗಳು ಹೌದು ಹೌದು ಎಂದು ಅಲ್ಲಾಡಿದವು.

ಅವಳು ಎದ್ದು ನಿಂತಳು.

“ಮೆಮೊ ಕೊಡೋದಾದ್ರೆ ನನಗೆ ಕೊಡಿ ಸರ್. ಆ ಬ್ಯಾಟರಿ ನೋಡ್ಕೋಬೇಕಾದ್ದು ನನ್ನ ವಿಭಾಗ, ನೋಡ್ಕೊಂಡಿಲ್ಲ. ಯಾವ ಸದ್ದು ಯಾತಕ್ಕೆ ಬರತ್ತೆ ಅಂತ ಅವರಿಗೆ ಕಲಿಸಬೇಕಾದ್ದು ನಾನು, ಕಲಿಸಿಲ್ಲ. ಆ ಹುಡುಗಿ ಮಾತ್ರ ನಾನು ಹೇಳಿದ್ದನ್ನ ಹೇಳಿದ ಹಾಗೇ ಮಾಡಿದಾಳೆ.”

“ಆದ್ರೂ ಏನೂ ಇರ್ಲಿಲ್ವಲ್ಲ ಮೇಡಂ” ಎಂದರು ಲೇಸರ್ ವಿಭಾಗದವರು. “ಹೀಗೆ ಕಂಡಕಂಡವರು ಒತ್ತುತ್ತಾ ಹೋದ್ರೆ ನಾವು ಸಂಶೋಧನೆ ಮಾಡೋದು ಯಾವಾಗ?”

“ಅಲ್ಲಿ ಏನೂ ಇಲ್ಲ ಅನ್ನೋದು ಯಂತ್ರ ಹಿಡ್ಕೊಂಡು ಒಳಗೆ ಹೋದ ನಮಗೆ ಗೊತ್ತಾಯ್ತು ಸರ್. ಬಾಗಿಲಲ್ಲಿ ನಿಂತವಳಿಗೆ ಹೇಗೆ ಗೊತ್ತಾಗಬೇಕು? ಮೂರನೇ ಬ್ಲಾಕಲ್ಲಿ ಎಲ್ಲರೂ ಚೆನ್ನಾಗಿ ವಿಚಾರ ಮಾಡ್ತಾನೇ ಇದ್ರು. ಕೈ ಸುಟ್ಟುಕೊಂಡ ಆ ಮನುಷ್ಯನಿಗೆ ಇವತ್ತಿಗೂ ತನ್ನ ಅಂಗಿ ಗುಂಡಿ ತಾನು ಹಾಕ್ಕೊಳ್ಳೋಕಾಗಲ್ಲ, ಹೆಂಡತಿ ಹಾಕಬೇಕು.” ಅವಳು ನಿರ್ದೇಶಕರ ಕಡೆ ತಿರುಗಿದಳು. “ಕೂದಲೂ ಕೊಂಕಲ್ಲ ಅಂತ ನಿಮ್ಮ ಸಹಿ ಇದೆ ಸರ್. ಸಣ್ಣ ಮೆಮೊ ಹೋದ್ರೂ ಸಾಕು, ಇನ್ನು ಈ ಸಂಸ್ಥೆಲಿ ಯಾರೂ ಆ ಗುಂಡಿ ಮುಟ್ಟಲ್ಲ. ಹಾಗಾಗೋದಾದ್ರೆ ನನ್ನನ್ನ ರಸಾಯನ ವಿಭಾಗಕ್ಕೆ ವಾಪಸ್ ಕಳಿಸಿಬಿಡಿ. ಸುಮ್ನೆ ಪೋಸ್ಟರ್ ಅಂಟಿಸ್ಕೊಂಡು ಕೂರೋ ಕೆಲಸಕ್ಕೆ ನಾನು ಬೇಕಾಗಿಲ್ಲ.”

ನಿರ್ದೇಶಕರು ಸಿಕ್ಕಿಬಿದ್ದವರ ಹಾಗೆ ಭಾವನ ಕಡೆ ನೋಡಿದರು. “ಹರಳು ನಿಮ್ಮದು. ನೀವೇನಂತೀರಿ?”

ಭಾವ ಕಿಟಕಿಯಿಂದ ಕಣ್ಣು ಕೀಳಲಿಲ್ಲ. “ನನಗೆ ಸಿಟ್ಟಿದೆ. ಬಹಳ ಸಿಟ್ಟಿದೆ. ಅವಳ ಮುಖ ನೋಡೋಕೂ ಮನಸ್ಸಿಲ್ಲ” ಎಂದರು. ಯಾರ ಮುಖ ಎಂದು ಹೇಳಲಿಲ್ಲ. “ಆದ್ರೆ ಮೆಮೊ ಬೇಡ ಅಂದ್ರೆ ಬೇಡ. ಕೊಟ್ರೆ ಹರಳು ಕೂಡ್ಕೊಳ್ಳಲ್ಲವಲ್ಲ” ಎಂದು ಎದ್ದು ಹೊರಟೇಹೋದರು.

ಮೆಮೊ ಹೋಗಲಿಲ್ಲ. ಅಷ್ಟಕ್ಕೇ ಸುಮ್ಮನಾಗುವವಳಲ್ಲ ಅವಳು, ನಿರ್ದೇಶಕರ ಬೆನ್ನು ಹತ್ತಿದಳು. ಒಂದು ವಾರ ಅವರ ಕೋಣೆಯ ಹೊರಗಿನ ಬೆಂಚು ಸವೆಸಿದಳು. ಕೊನೆಗೆ ನಿರ್ದೇಶಕರು ಬೇರೆ ದಾರಿ ಕಾಣದೆ ಊಟದ ಹೊತ್ತಿಗೆ ತಾವೇ ಕ್ಯಾಂಟೀನಿಗೆ ಬಂದು, ಆ ವಿದ್ಯಾರ್ಥಿನಿಯನ್ನು ಕರೆಸಿ, ಎಲ್ಲರ ಮುಂದೆ ಧನ್ಯವಾದ ಹೇಳಿದರು. ಮಾತು ಸ್ವಲ್ಪ ತಡವರಿಸಿತು. ಒಳ್ಳೇ ಭಾಷಣವೇನೂ ಆಗಲಿಲ್ಲ. ಹುಡುಗಿ ತಲೆ ತಗ್ಗಿಸಿ ಕೇಳಿಸಿಕೊಂಡು ತಟ್ಟೆ ತೆಗೆದುಕೊಂಡು ಗುಂಪಿನ ನಡುವೆ ಹೋಗಿ ಕೂತಳು. ಅಂದು ಯಾವ ಮೂಲೆಯಿಂದಲೂ ಸದ್ದು ಬರಲಿಲ್ಲ.

ಇತ್ತ ಮೀಸೆಯಣ್ಣ ಸೂಚಕಗಳ ಬ್ಯಾಟರಿಗಳನ್ನೆಲ್ಲ ಬದಲಾಯಿಸಿದ. ಅವಳು ಒಂದು ಸೂಚಕವನ್ನೇ ಹೊತ್ತುಕೊಂಡು ಮತ್ತೆ ಬ್ಲಾಕು ಬ್ಲಾಕು ತಿರುಗಿ ಎರಡೂ ಸದ್ದು ಕೇಳಿಸಿದಳು. “ಇದು ಬ್ಯಾಟರಿ. ಇದು ಅನಿಲ. ಯಾವುದು ಅಂತ ಮರೆತುಹೋಯ್ತಾ? ಒತ್ತಿಬಿಡಿ. ಬೈಗುಳ ನನಗೆ ಬರಲಿ, ಅಭ್ಯಾಸ ಆಗಿದೆ.”

ಫೋನು ಬರತೊಡಗಿತು. ಮೊದಮೊದಲು ಚಿಲ್ಲರೆ ವಿಷಯಗಳು. ಮೆಟ್ಟಿಲ ಹತ್ತಿರ ನೀರು ನಿಲ್ಲುತ್ತದೆ, ಗ್ರಂಥಾಲಯದ ಏಣಿಯ ಕಾಲು ಅಲ್ಲಾಡುತ್ತದೆ, ನಮ್ಮ ಕೋಣೆಯ ವೈರು ಬಿಸಿಯಾಗುತ್ತದೆ. ಒಬ್ಬರಂತೂ ಕಚೇರಿಯ ಬೆಕ್ಕಿನ ಬಗ್ಗೆ ದೂರಿದರು. ಮೀಸೆಯಣ್ಣ ಫೋನು ಕೆಳಗಿಟ್ಟು, “ಮೇಡಂ, ಬಾಯಿ ತೆರೆಸಿದ್ದೇ ತಪ್ಪಾಯ್ತೇನೋ. ಈಗ ಮುಚ್ಚಲ್ಲ ಅಂತಾರೆ” ಎಂದ. ಅವಳು ಪ್ರತಿಯೊಂದಕ್ಕೂ ಹೋದಳು. ಬೆಕ್ಕಿನದಕ್ಕೂ ಹೋದಳು.

ಭಾವ ಮಾತ್ರ ಮಾತು ಬಿಟ್ಟಿದ್ದರು. ಅಕ್ಕನ ಮನೆಗೆ ಅವಳು ಹೋದರೆ ಪೇಪರಿನ ಹಿಂದೆ ಮುಖ ಮರೆಸಿಕೊಳ್ಳುತ್ತಿದ್ದರು. ಹೊಸ ಹರಳಿಗೆ ಬೀಜ ಹಾಕಿದ್ದಾರೆ ಎಂಬ ಸುದ್ದಿ ಅಕ್ಕನಿಂದ ತಿಳಿಯಿತು. ಅವಳಿಗೆ ನೋಯುತ್ತಿತ್ತು, ಆದರೆ ಹೋಗಿ ಕ್ಷಮೆ ಕೇಳಲು ಮಾಡಿದ ತಪ್ಪು ಯಾವುದು ಎಂದು ಹೊಳೆಯುತ್ತಿರಲಿಲ್ಲ. ಬ್ಯಾಟರಿಯದನ್ನು ಆಗಲೇ ಎಲ್ಲರೆದುರು ಒಪ್ಪಿಕೊಂಡಾಗಿತ್ತು. ಪ್ರತಿ ಭಾನುವಾರ ಹೋದಳು, ಪೇಪರಿನ ಎದುರು ಕೂತು ಅಕ್ಕನ ಜತೆ ಮಾತಾಡಿ ಬಂದಳು.

ಚಳಿಗಾಲ ಮುಗಿಯುವ ಹೊತ್ತಿಗೆ ಒಂದು ಬೆಳಿಗ್ಗೆ ಅವಳ ಮೇಜಿನ ಫೋನು ಬಡಿದುಕೊಂಡಿತು. ಆ ಕಡೆಯಿಂದ ಬಂದದ್ದು ಭಾವನ ದನಿ.

“ಕುಲುಮೆ ನಿಲ್ಲಿಸಿದೀನಿ. ಬಾ.”

“ಏನಾಯ್ತು ಭಾವ?”

“ತಂಪು ನೀರಿನ ಪಂಪು ಒಂಥರಾ ಸದ್ದು ಮಾಡ್ತಿದೆ. ಏನೋ ಗೊತ್ತಿಲ್ಲ. ಬರ್ತೀಯೋ, ಅಲ್ಲೇ ಕೂತು ವಿಚಾರಿಸ್ತೀಯೋ?”

ಅವಳು ಮತ್ತು ಮೀಸೆಯಣ್ಣ ಹೋದಾಗ ಜನ ಹುಲ್ಲಿನ ಮೇಲೆ ನಿಂತಿದ್ದರು. ಪಂಪು ಬಿಚ್ಚಿ ನೋಡಿದರೆ ಒಳಗಿನ ಬೇರಿಂಗ್ ಸವೆದಿತ್ತು. ಅದು ಇನ್ನೂ ಒಂದು ತಿಂಗಳು ಓಡುತ್ತಿತ್ತೋ, ಅದೇ ದಿನ ಕಚ್ಚಿಕೊಂಡು ನಿಂತು ಕುಲುಮೆಯನ್ನು ಸುಡುತ್ತಿತ್ತೋ, ಯಾರಿಗೂ ಖಚಿತವಾಗಿ ಹೇಳಲಾಗಲಿಲ್ಲ. ಹೊಸ ಹರಳೂ ಸೀಳಿಹೋಗಿತ್ತು.

ಭಾವ ಎಣ್ಣೆ ಹತ್ತಿದ ಬೇರಿಂಗನ್ನು ಅಂಗೈಯಲ್ಲಿ ಹೊರಳಿಸುತ್ತ ಬಹಳ ಹೊತ್ತು ನೋಡಿದರು.

“ಒತ್ತೋವಾಗ ಕೈ ಎಷ್ಟು ನಡುಗತ್ತೆ ಅಂತ ಗೊತ್ತಿರಲಿಲ್ಲ ಕಣೇ” ಎಂದರು. “ನನ್ನದೇ ಹರಳು, ನನ್ನದೇ ಗುಂಡಿ. ಆದ್ರೂ ನಡುಗ್ತು. ಆ ಹುಡುಗಿ ಹೇಗೆ ಒತ್ತಿದ್ಲೋ.”

“ಅವಳನ್ನೇ ಕೇಳಿ. ಪಕ್ಕದ ಕೋಣೇಲೇ ಇದಾಳೆ.”

“ಕೇಳ್ತೀನಿ. ಈಗಲ್ಲ.” ಅವರು ಬೇರಿಂಗನ್ನು ಅವಳ ಕೈಗಿಟ್ಟರು. “ಇನ್ನೂ ಎಷ್ಟು ಪಂಪು ಇವೆ ಇಂಥವು, ಈ ಸಂಸ್ಥೆಲಿ?”

“ಲೆಕ್ಕ ಹಾಕಿಲ್ಲ ಭಾವ.”

“ಹಾಕ್ಬೇಡ್ವಾ ಮತ್ತೆ? ನಿಂತ್ಕೊಂಡು ಏನು ನೋಡ್ತಿದೀಯ?” ಎಂದು ಗದರಿ, ತಮ್ಮ ಕೋಟು ಕಳಚಿ ಮೊಳೆಗೆ ಸಿಕ್ಕಿಸಿ ತೋಳು ಮೇಲಕ್ಕೆ ಮಡಚಿಕೊಂಡರು. ಮೀಸೆಯಣ್ಣ ಟಾರ್ಚು ಹಿಡಿದು ಮುಂದೆ ನಡೆದ. ಮೂವರೂ ನೆಲಮಾಳಿಗೆಯ ಮೆಟ್ಟಿಲಿಳಿದು, ಮುಂದಿನ ಪಂಪಿಗೆ ಕಿವಿ ಹಚ್ಚಿ ಕೂತರು.